ತಾಮ್ರದ ಚೊಂಬು ಮತ್ತು ಕೆರೆಯ ನೀರುಚಿಗಟ

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಎದ್ದು ಕುಡಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮ ಮನೆಯಲ್ಲೂ ಒಂದಿದೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುವುದೇ ದೊಡ್ಡ ಕೆಲಸ. ಅದರಲ್ಲಿಟ್ಟ ನೀರು ಒಳ್ಳೆಯದು ಅನ್ನುವುದು ಸುಮ್ನೆ ನಂಬಿಕೆಯಲ್ಲ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಇದನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಭೇದಿ ತರಿಸುವ ಬ್ಯಾಕ್ಟೀರಿಯಾಗಳನ್ನು ಬೇಕಂತಲೇ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು, ಆಮೇಲೆ ಆ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಹೋದರೆ ಒಂದೂ ಬೆಳೆಯಲಿಲ್ಲ. ಅಷ್ಟು ಹೊತ್ತಿಗೆ ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 2000 ಮೈಕ್ರೋಗ್ರಾಂ. ಅಂದರೆ ನಮಗೆ ಏನೂ ಆಗದ ಪ್ರಮಾಣದಲ್ಲಿ, ನೀರಿನೊಳಗಿನ ಜೀವಿಗಳು ಪೂರ್ತಿ ಸಾಫ್.

ಚೊಂಬಿನಲ್ಲಿ ಇದು ಆರೋಗ್ಯ. ಇದೇ ಕೆಲಸ ಕೆರೆಯಲ್ಲಿ ನಡೆದರೆ ಏನಾಗುತ್ತದೆ?

ತಾಮ್ರ, ಸತು, ಕ್ಯಾಡ್ಮಿಯಂ, ಪಾದರಸದಂಥ ಭಾರ ಲೋಹದ ಮಾತು ಬಂದಾಗಲೆಲ್ಲ ನಾವು ಕೇಳುವುದು ಒಂದೇ ಪ್ರಶ್ನೆ: ಈ ನೀರು ಕುಡಿದರೆ, ಈ ನೀರಲ್ಲಿ ಬೆಳೆದ ಸೊಪ್ಪು ತಿಂದರೆ ನಮಗೆ ಏನಾಗುತ್ತದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಕೆರೆಯನ್ನು ಕೆರೆಯಾಗಿ ಉಳಿಸಿಕೊಂಡಿರುವುದು ನಮ್ಮ ಗಂಟಲಲ್ಲ, ಕಣ್ಣಿಗೆ ಕಾಣದ ಒಂದು ದೊಡ್ಡ ಜನಸಂಖ್ಯೆ. ಅದರ ಸಹನೆಯ ಮಿತಿ ನಮ್ಮ ಮಿತಿಗಿಂತ ಎಷ್ಟೋ ಕೆಳಗಿದೆ. ನಮ್ಮ ಕಾಗದಪತ್ರಗಳಲ್ಲಿ ಆ ಮಿತಿಗೆ ಹೆಚ್ಚೂಕಡಿಮೆ ಜಾಗವೇ ಇಲ್ಲ.

ಚೆನ್ನಾಗಿರುವ ಯಾವುದಾದರೂ ಊರ ಕೆರೆಯಿಂದ ಒಂದು ಗಾಜಿನ ಲೋಟ ನೀರು ತಂದು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಚಿಕ್ಕದಾದ ಚುಕ್ಕೆಗಳು ಜಿಗಿದು ಜಿಗಿದು ಓಡಾಡುತ್ತಿರುತ್ತವೆ. ಅವೇ ನೀರುಚಿಗಟಗಳು. ಹೆಸರಲ್ಲಿ ಚಿಗಟ, ನಿಜಕ್ಕೆ ಸಿಗಡಿ ಏಡಿಗಳ ಸಂಬಂಧಿ. ಅಕ್ವೇರಿಯಂ ಅಂಗಡಿಯವರು ಮೀನುಮರಿಗೆ ಹಾಕಲು ಕೊಡುವ ಮೊಯಿನಾ ಕೂಡ ಇದೇ ಜಾತಿಕೂಟದ್ದು. ಮೈಕ್ರೋಸ್ಕೋಪಿನಲ್ಲಿಟ್ಟರೆ ಮೈ ಪಾರದರ್ಶಕ, ಹೃದಯ ಬಡಿಯುವುದು ಕಾಣುತ್ತದೆ, ತಿಂದ ಪಾಚಿ ಹಸಿರು ಗೆರೆಯಾಗಿ ಕರುಳಲ್ಲಿ ಕಾಣುತ್ತದೆ. ಇದಕ್ಕಿಂತ ಚಿಕ್ಕವು ರೋಟಿಫರ್ ಅನ್ನುವ ಸೂಕ್ಷ್ಮ ಪ್ರಾಣಿಗಳು. ಅದಕ್ಕೂ ಕೆಳಗೆ ಹಸಿರು ಪಾಚಿ, ಗಾಜಿನ ಚಿಪ್ಪಿನೊಳಗೆ ಬದುಕುವ ಡಯಾಟಮ್ ಅನ್ನುವ ಪಾಚಿ, ಬ್ಯಾಕ್ಟೀರಿಯಾ. ಪಾಚಿಯನ್ನು ಚಿಗಟ ಮೇಯುತ್ತದೆ, ಚಿಗಟವನ್ನು ಮೀನುಮರಿ ತಿನ್ನುತ್ತದೆ, ಮೀನನ್ನು ಮಿಂಚುಳ್ಳಿಯೂ ನಾವೂ ತಿನ್ನುತ್ತೇವೆ.

ಸರಿ, ಇಷ್ಟು ಚಿಕ್ಕ ಜೀವದೊಳಗೆ ಲೋಹ ಹೇಗೆ ನುಗ್ಗುತ್ತದೆ? ಇಲ್ಲಿ ನಡೆಯುವುದು ಅಪ್ಪಟ ವೇಷ ಮರೆಸುವ ಆಟ. ಪ್ರತಿ ಜೀವಕೋಶದ ಗೋಡೆಯಲ್ಲೂ ಬೇಕಾದ ಲವಣಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲುಗಳಿವೆ. ಕ್ಯಾಲ್ಸಿಯಂಗೆ ಒಂದು, ಫಾಸ್ಫೇಟ್‌ಗೆ ಒಂದು, ಸಲ್ಫೇಟ್‌ಗೆ ಇನ್ನೊಂದು. ಕ್ಯಾಡ್ಮಿಯಂ ಗಾತ್ರದಲ್ಲಿ ಕ್ಯಾಲ್ಸಿಯಂಗೆ ತೀರಾ ಹತ್ತಿರ, ಹಾಗಾಗಿ ಕ್ಯಾಲ್ಸಿಯಂ ಬಾಗಿಲಲ್ಲೇ ಒಳಗೆ ಬರುತ್ತದೆ. ಆರ್ಸೆನಿಕ್ ಫಾಸ್ಫೇಟ್‌ನಂತೆ ಕಾಣುತ್ತದೆ. ಲೋಹದ ಸಾಮಾನಿಗೆ ಲೇಪ ಹಾಕುವ ಪ್ಲೇಟಿಂಗ್ ಘಟಕಗಳಿಂದ ಬರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಸಲ್ಫೇಟ್ ವೇಷದಲ್ಲಿ ನುಗ್ಗುತ್ತದೆ. ತಾಮ್ರದ ಕಥೆ ಸ್ವಲ್ಪ ಬೇರೆ. ಅದು ಸೋಡಿಯಂ ಒಳಗೆ ಬರುವ ದಾರಿಗೇ ಅಡ್ಡ ನಿಲ್ಲುತ್ತದೆ. ಸಿಹಿನೀರಿನಲ್ಲಿ ಬದುಕುವ ಜೀವಿಯ ಮೈಯಿಂದ ಉಪ್ಪು ಸದಾ ಸೋರುತ್ತಿರುತ್ತದೆ, ಅದನ್ನು ಮತ್ತೆ ಮತ್ತೆ ಒಳಗೆಳೆದುಕೊಳ್ಳಲೇಬೇಕು. ಆ ದಾರಿ ಕಟ್ಟಿದರೆ ನೀರುಚಿಗಟ ಒಂದೆರಡು ದಿನದಲ್ಲಿ ಮೈಯ ಉಪ್ಪು ಕಳೆದುಕೊಂಡು ಸಾಯುತ್ತದೆ. ನಮಗೆ ಈ ತೊಂದರೆ ಇಲ್ಲ, ನಾವು ಊಟದಲ್ಲಿ ಉಪ್ಪು ತಿನ್ನುತ್ತೇವೆ. ನಮಗೂ ಅದಕ್ಕೂ ಮಿತಿಯಲ್ಲಿ ಇಷ್ಟು ದೊಡ್ಡ ಅಂತರ ಬರಲು ಇದೊಂದು ಮುಖ್ಯ ಕಾರಣ.

ಇನ್ನೊಂದು ವಿಚಾರ, ವಿಷಯಕ್ಕೆ ಸ್ವಲ್ಪ ಆಚೆಯದು, ಆದರೂ ಹೇಳಬೇಕು. ಕ್ಯಾಡ್ಮಿಯಂ ಯಾವ ಜೀವಿಗೂ ಬೇಡದ ಲೋಹ ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. ಆಮೇಲೆ ಸಮುದ್ರದ ಒಂದು ಡಯಾಟಮ್ ಸತು ಸಿಗದಾಗ ಅದರ ಜಾಗದಲ್ಲಿ ಕ್ಯಾಡ್ಮಿಯಂ ಬಳಸಿ ತನ್ನ ಕಿಣ್ವ ನಡೆಸಿಕೊಳ್ಳುವುದು ಗೊತ್ತಾಯಿತು. ಜೀವಲೋಕದಲ್ಲಿ ನಿಯಮ ಮಾಡಿದ ಕೂಡಲೇ ಯಾರೋ ಒಬ್ಬರು ಮುರಿಯಲು ಕಾದಿರುತ್ತಾರೆ!

ಸಾಯುವುದು ಲೆಕ್ಕಕ್ಕಾದರೂ ಸಿಗುತ್ತದೆ. ಸಾಯದೆ ಮಂಕಾಗುವುದು ಸಿಗುವುದಿಲ್ಲ, ಮತ್ತು ನನ್ನ ಪ್ರಕಾರ ಅದೇ ಹೆಚ್ಚು ಅಪಾಯ. ನೀರುಚಿಗಟಗಳಲ್ಲಿ ಕೆಲವು ಜಾತಿಗಳು ತಮ್ಮನ್ನು ತಿನ್ನುವ ಹುಳದ ವಾಸನೆ ನೀರಲ್ಲಿ ಬಂದರೆ ಸಾಕು, ಮರಿಗಳ ಕತ್ತಿನ ಮೇಲೆ ಸಣ್ಣ ಮುಳ್ಳು ಬೆಳೆಸಿಕೊಳ್ಳುತ್ತವೆ. ಬಾಯಿಗೆ ಸಿಕ್ಕದ ಹಾಗೆ ಮಾಡಿಕೊಳ್ಳುವ ಉಪಾಯ. ನೀರಲ್ಲಿ ತಾಮ್ರ ಅಥವಾ ನಿಕಲ್ ಸ್ವಲ್ಪವೇ ಇದ್ದರೂ, ಸಾಯುವಷ್ಟು ಇಲ್ಲದಿದ್ದರೂ, ಈ ಮುಳ್ಳು ಸರಿಯಾಗಿ ಬರುವುದಿಲ್ಲ. ವಾಸನೆಯೇ ತಿಳಿಯದ ಹಾಗಾಗುತ್ತದೆ. ಅಂಥ ಚಿಗಟ ಲ್ಯಾಬಿನ ಲೋಟದಲ್ಲಿ ಆರಾಮಾಗಿ ಈಜುತ್ತದೆ, ವರದಿಯಲ್ಲಿ 'ಬದುಕಿದೆ' ಅಂತ ಬರೆಯುತ್ತಾರೆ. ಕೆರೆಯಲ್ಲಿ ಮಾತ್ರ ಅದು ಸಂಜೆಯೊಳಗೆ ಯಾರದೋ ಊಟ. ಇದರ ಜೊತೆಗೆ ಮೇಯುವ ವೇಗ ಇಳಿಯುತ್ತದೆ, ಹಾಕುವ ಮರಿಗಳು ಕಡಿಮೆಯಾಗುತ್ತವೆ. ಡಯಾಟಮ್‌ಗಳ ಗಾಜಿನ ಚಿಪ್ಪು ಸೊಟ್ಟಗಾಗುತ್ತದೆ. ಗೀರುಗಳು ತಪ್ಪುತಪ್ಪಾದ, ಅಂಚು ತಿರುಚಿದ ಚಿಪ್ಪುಗಳು ಜಾಸ್ತಿ ಸಿಕ್ಕರೆ ಆ ನೀರಲ್ಲಿ ಲೋಹ ಇರಬಹುದು ಅಂತ ಡಯಾಟಮ್ ತಿಳಿದವರು ಅನುಮಾನಿಸುತ್ತಾರೆ.

ಮೇಯುವವರು ಕಡಿಮೆಯಾದರೆ ಪಾಚಿಗೆ ಹಬ್ಬ. ಮೀನು ಸಾಕುವವರು ಕೊಳದ ಪಾಚಿ ತೆಗೆಯಲು ಮೈಲುತುತ್ತ ಹಾಕುವುದುಂಟು. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಮೊದಲು ಪಾಚಿ ಸಾಯುತ್ತದೆ, ನೀರು ತಿಳಿಯಾಗುತ್ತದೆ, ಎಲ್ಲರಿಗೂ ಖುಷಿ. ಸ್ವಲ್ಪ ದಿನ ಕಳೆದ ಮೇಲೆ ಹಲವು ಕೊಳಗಳಲ್ಲಿ ಪಾಚಿ ಮತ್ತೆ ಬರುತ್ತದೆ, ಯಾಕೆಂದರೆ ಅದನ್ನು ಮೇಯಬೇಕಿದ್ದ ಚಿಗಟಗಳೂ ಆ ಮೈಲುತುತ್ತಕ್ಕೇ ಸತ್ತಿರುತ್ತವೆ. ಪಾಚಿ ಗಂಟೆಗಳ ಲೆಕ್ಕದಲ್ಲಿ ದುಪ್ಪಟ್ಟಾಗಬಲ್ಲದು, ಚಿಗಟಕ್ಕೆ ದಿನಗಳು ಬೇಕು.

ನಮ್ಮ ನಗರದ ಹಸಿರು ಕೆರೆಗಳಿಗೆಲ್ಲ ಲೋಹವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕೊಳಚೆ ನೀರಿನ ಸಾರಜನಕ, ರಂಜಕವೇ ಅಲ್ಲಿ ದೊಡ್ಡ ಕಾರಣ. ಆದರೆ ಮೇಯುವವರ ಕಾಲಿಗೆ ಕಲ್ಲು ಕಟ್ಟುವವರಲ್ಲಿ ಲೋಹವೂ ಒಂದು.

ಈಗ ಅಂಕಿಗಳಿಗೆ ಬರೋಣ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಮೆದು ನೀರಿನಲ್ಲಿ ತಾಮ್ರ ಲೀಟರಿಗೆ ಹತ್ತಾರು ಮೈಕ್ರೋಗ್ರಾಂ ಮುಟ್ಟಿದರೆ ನೀರುಚಿಗಟಗಳಲ್ಲಿ ಅರ್ಧಕ್ಕರ್ಧ ಎರಡು ದಿನದಲ್ಲಿ ಅಲುಗಾಡದೆ ಬೀಳುತ್ತವೆ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ತಾಮ್ರಕ್ಕೆ 50 ಮೈಕ್ರೋಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1500ರವರೆಗೂ ನಡೆಯುತ್ತದೆ. ಸತುವಿಗೆ 5000, ಬೇರೆ ದಾರಿ ಇಲ್ಲದಿದ್ದರೆ 15000. ಸತು ಲೀಟರಿಗೆ ಒಂದೆರಡು ನೂರು ಮೈಕ್ರೋಗ್ರಾಂ ಆದರೂ ಹಲವು ಪಾಚಿಗಳ ಬೆಳವಣಿಗೆ, ಚಿಗಟಗಳ ಸಂತಾನ ಕುಂಠಿತವಾಗುತ್ತದೆ. ಅಂದರೆ ಸತುವಿನ ಮಟ್ಟಿಗೆ 'ಕುಡಿಯಲು ಯೋಗ್ಯ' ಅಂತ ಸೀಲು ಬಿದ್ದ ನೀರು ಈ ಜೀವಿಗಳಿಗೆ ವಿಷವಾಗಿರಬಹುದು. ಮಾನದಂಡ ತಪ್ಪಲ್ಲ, ಅದು ಮನುಷ್ಯರಿಗೆ ಮಾಡಿದ್ದು. ಅದನ್ನು ಕೆರೆಯ ಆರೋಗ್ಯಕ್ಕೆ ಪ್ರಮಾಣಪತ್ರದಂತೆ ತೋರಿಸುವುದು ತಪ್ಪು.

ಹಾಗಾದರೆ ಕೆರೆ ನದಿಗಳಿಗೇ ಅಂತ ಬೇರೆ ಮಾನದಂಡ ಇಲ್ಲವಾ? ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಯ ಪ್ರಕಾರ ಎ ಇಂದ ಇ ವರೆಗೆ ವರ್ಗ ಮಾಡಿದೆ. ಇದರಲ್ಲಿ ಡಿ ವರ್ಗ ಮೀನು ಮತ್ತು ವನ್ಯಜೀವಿಗಳಿಗಾಗಿ. ಆ ವರ್ಗಕ್ಕೆ ನೋಡುವುದು ಮೂರೇ ಮೂರು: ಪಿಎಚ್, ಕರಗಿದ ಆಮ್ಲಜನಕ, ಅಮೋನಿಯಾ. ಒಂದೇ ಒಂದು ಲೋಹದ ಹೆಸರೂ ಇಲ್ಲ.

ಕಾರ್ಖಾನೆಯಿಂದ ಹೊರಬೀಳುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಸಾಮಾನ್ಯ ಮಾನದಂಡ ಇದೆ, ಕೆಲವು ಉದ್ಯಮಗಳಿಗೆ ಪ್ರತ್ಯೇಕ ಪಟ್ಟಿಯೂ ಇದೆ. ಸಾಮಾನ್ಯ ಪಟ್ಟಿಯ ಪ್ರಕಾರ ನದಿ ಕೆರೆಗೆ ಬಿಡುವ ನೀರಲ್ಲಿ ತಾಮ್ರ ಲೀಟರಿಗೆ 3 ಮಿಲಿಗ್ರಾಂ, ನಿಕಲ್ 3, ಸತು 5, ಕ್ಯಾಡ್ಮಿಯಂ 2 ಇರಬಹುದು. ಕ್ಯಾಡ್ಮಿಯಂಗೆ ಕುಡಿಯುವ ನೀರಿನ ಮಿತಿ 0.003 ಮಿಲಿಗ್ರಾಂ. ಎರಡಕ್ಕೂ ನಡುವೆ ಸುಮಾರು 667 ಪಟ್ಟು ಅಂತರ! ಇದರ ಹಿಂದಿನ ತರ್ಕ ಇಷ್ಟೇ: ಕಾರ್ಖಾನೆಯ ನೀರು ತುಂಬಿ ಹರಿಯುವ ನದಿಗೆ ಸೇರುತ್ತದೆ, ಬೆರೆತು ತೆಳುವಾಗುತ್ತದೆ.

ಈ ತರ್ಕವನ್ನು ಬೆಂಗಳೂರಿನ ವೃಷಭಾವತಿಯ ದಡದಲ್ಲಿ ನಿಂತು ಯೋಚಿಸಿ. ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟುತ್ತದೆ ಅನ್ನುವ ಹೊಳೆ, ಕೆಂಗೇರಿ ದಾಟಿ ಬಿಡದಿ ಬಳಿ ಬೈರಮಂಗಲ ಕೆರೆಗೆ ಸೇರಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಮಳೆಗಾಲ ಬಿಟ್ಟರೆ ಅದರಲ್ಲಿ ಸ್ವಂತ ನೀರು ಅನ್ನುವುದು ಎಲ್ಲಿದೆ? ಹರಿಯುವುದೆಲ್ಲ ನಗರ ಬಿಟ್ಟ ನೀರು. ಅದರ ಕಣಿವೆಯಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗವೂ ಇದೆ, ಪ್ಲೇಟಿಂಗ್ ಮಾಡುವ ಸಣ್ಣ ಸಣ್ಣ ಘಟಕಗಳೂ ಇವೆ. ಕೊಳಚೆ ನೀರನ್ನು ಇನ್ನಷ್ಟು ಕೊಳಚೆ ನೀರು ಬೆರೆಸಿ ತೆಳು ಮಾಡುವುದು ಎಲ್ಲಿಯ ನ್ಯಾಯ? ಪ್ರತಿ ಘಟಕವೂ ಕಾನೂನಿನ ಮಿತಿಯೊಳಗೇ ಬಿಟ್ಟರೂ, ಅಂಥ ಹೊಳೆಯಲ್ಲಿ ನೀರುಚಿಗಟಕ್ಕೆ ಉಳಿಗಾಲವಿಲ್ಲ. ಕೆಲವರು ಮಿತಿಯೊಳಗೆ ಬಿಡುವುದಿಲ್ಲ ಅನ್ನುವುದು ಬೇರೆ ವಿಷಯ, ಅದನ್ನು ಎಲ್ಲರೂ ಬರೆಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ ಅನ್ನಬೇಕಾಗಿದೆ. ಲ್ಯಾಬ್ ರಿಪೋರ್ಟಿನಲ್ಲಿ 'ತಾಮ್ರ ಇಷ್ಟು' ಅಂತ ಇರುವುದು ಸಾಮಾನ್ಯವಾಗಿ ಒಟ್ಟು ತಾಮ್ರ. ಜೀವಿಗೆ ತಾಗುವುದು ಅದರಲ್ಲಿ ಬಿಡಿಯಾಗಿ ಕರಗಿರುವ ಪಾಲು ಮಾತ್ರ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇರುವುದರಿಂದ ಆ ಬಾಗಿಲುಗಳಲ್ಲಿ ನೂಕುನುಗ್ಗಲು, ಲೋಹಕ್ಕೆ ಜಾಗ ಸಿಗುವುದು ಕಷ್ಟ. ಕೊಳೆತ ಎಲೆ, ಸಗಣಿ, ಕೊಳಚೆಯ ಸಾವಯವ ವಸ್ತು ಲೋಹವನ್ನು ಅಂಟಿಸಿಕೊಂಡು ಹಿಡಿದಿಡುತ್ತವೆ. ಹಾಗಾಗಿ ಒಂದೇ ಪ್ರಮಾಣದ ತಾಮ್ರ ಕೋಲಾರದ ಗಡಸು ನೀರಿನಲ್ಲಿ ಸುಮ್ಮನಿರಬಹುದು, ಮಲೆನಾಡಿನ ಹಳ್ಳದ ಮೆದು ನೀರಿನಲ್ಲಿ ಕೊಲ್ಲಬಹುದು.

ಮಲೆನಾಡು ಅಂದೆ, ಅದನ್ನು ಸುಮ್ನೆ ಅಂದಿದ್ದಲ್ಲ. ಅಡಿಕೆಗೆ ಕೊಳೆ ರೋಗ ಬರದಂತೆ ಮಳೆಗಾಲದಲ್ಲಿ ಎರಡು ಮೂರು ಸಲ ಬೋರ್ಡೋ ದ್ರಾವಣ ಹೊಡೆಯುವುದು ಅಲ್ಲಿನ ಬದುಕಿನ ಭಾಗ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಅಂದರೆ ಡ್ರಮ್ಮಿನಲ್ಲಿರುವ ಪ್ರತಿ ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರ. ಮೈಕ್ರೋಗ್ರಾಂ ಲೆಕ್ಕದಲ್ಲಿ 25 ಲಕ್ಷ! ಬೆಳೆಗಾರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕೊಳೆ ಬಂದರೆ ಒಂದು ವರ್ಷದ ಫಸಲು ಮಣ್ಣುಪಾಲು, ಔಷಧಿ ಹೊಡೆಯದೆ ಬೇರೆ ದಾರಿಯೇ ಇಲ್ಲ ಅನ್ನುವ ತೋಟಗಳೇ ಹೆಚ್ಚು. ತೋಟಕ್ಕೆ ಬಿದ್ದ ತಾಮ್ರದ ಬಹುಪಾಲು ಮಣ್ಣಿಗೆ, ದರಗಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಸಮಸ್ಯೆ ಇರುವುದು ಡ್ರಮ್ಮು, ಪಂಪು, ಪೈಪು ತೊಳೆಯುವ ಜಾಗದಲ್ಲಿ. ಉಳಿದ ಒಂದು ಕೊಡ ಬೋರ್ಡೋ ನೇರ ಹಳ್ಳಕ್ಕೆ ಬಿದ್ದರೆ ಸ್ವಲ್ಪ ದೂರದವರೆಗಾದರೂ ಆ ಹಳ್ಳದ ಸಣ್ಣ ಜೀವಿಗಳ ಕಥೆ ಮುಗಿಯಿತು. ಅದನ್ನೇ ತೋಟದ ಮಣ್ಣಿಗೆ ಚೆಲ್ಲಿದರೆ ಹಳ್ಳ ಉಳಿಯುತ್ತದೆ. ಕಾರ್ಖಾನೆಯ ಸಮಸ್ಯೆಗೆ ಹೋಲಿಸಿದರೆ ಇದು ಎಷ್ಟು ಸುಲಭದ್ದು, ಅಲ್ವಾ?

ಗಣೇಶನ ಬಣ್ಣದಲ್ಲಿ ಸೀಸ, ಕ್ರೋಮಿಯಂ ಇರುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಕಥೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ವಿಸರ್ಜನೆಗೆ ಬೇರೆ ಕಲ್ಯಾಣಿ ಕಟ್ಟಿದ್ದು ಈ ವಿಷಯದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ. ಅದರ ಬಗ್ಗೆ ಇಷ್ಟು ಸಾಕು.

ಹೂಳಿನ ವಿಷಯ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ (ಪಾದರಸ ಒಂದನ್ನು ಬಿಟ್ಟರೆ). ನೀರಿನಿಂದ ಇಳಿದು ತಳದ ಕಪ್ಪು ಕೆಸರಿಗೆ ಸೇರುತ್ತದೆ. ಆಮ್ಲಜನಕ ಇಲ್ಲದ ಆ ಕೆಸರಲ್ಲಿ ಗಂಧಕದ ಜೊತೆ ಕೂಡಿ ಕರಗದ ರೂಪ ಪಡೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಕೆಸರು ಒಂದು ರೀತಿಯಲ್ಲಿ ಲೋಹದ ಪೆಟ್ಟಿಗೆಗೆ ಹಾಕಿದ ಬೀಗ. ಹೂಳು ತೆಗೆದು ಬಿಸಿಲಿಗೆ ಹರಡಿದಾಗ, ಗಾಳಿ ತಾಗಿ ಆ ಬೀಗ ತೆರೆಯುತ್ತದೆ, ಲೋಹ ಮತ್ತೆ ಕರಗುವ ರೂಪಕ್ಕೆ ಬರುತ್ತದೆ. ಬೆಳ್ಳಂದೂರು, ವರ್ತೂರಿನಂಥ ಕೆರೆಗಳ ನೀರು ಖಾಲಿ ಮಾಡಿ ವರ್ಷಗಟ್ಟಲೆ ಹೂಳು ತೆಗೆಯುವಾಗ ಎಷ್ಟು ಲೋಡು ಎತ್ತಿದರು ಅನ್ನುವುದಕ್ಕಿಂತ, ಎತ್ತಿದ್ದು ಎಲ್ಲಿಗೆ ಹೋಯಿತು, ಮಳೆ ಬಂದಾಗ ಅದರ ನೀರು ಎಲ್ಲಿಗೆ ಹರಿಯಿತು ಅನ್ನುವುದನ್ನು ನಾವು ಹೆಚ್ಚು ಕೇಳಬೇಕು.

ಹೂಳಿನಲ್ಲಿ ಇನ್ನೊಂದು ಇದೆ. ನೀರುಚಿಗಟಗಳು ಒಳ್ಳೆಯ ಕಾಲದಲ್ಲಿ ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತಾ ಹೋಗುತ್ತವೆ. ಕೆರೆ ಬತ್ತುವ ಸೂಚನೆ ಸಿಕ್ಕರೆ ಗಂಡುಗಳು ಹುಟ್ಟುತ್ತವೆ, ಕೂಡುತ್ತವೆ, ಗಟ್ಟಿ ಕವಚದ ಮೊಟ್ಟೆಗಳನ್ನು ಕೆಸರಿಗೆ ಬಿಡುತ್ತವೆ. ಕೆರೆ ಒಣಗಿ ಬಿರುಕು ಬಿಟ್ಟರೂ ಆ ಮೊಟ್ಟೆ ವರ್ಷಗಟ್ಟಲೆ ಕಾಯುತ್ತದೆ. ಮೊದಲ ಮಳೆಗೆ ಕೆರೆ ತುಂಬಿದ ಕೆಲವೇ ದಿನಗಳಲ್ಲಿ ನೀರಲ್ಲಿ ಜೀವ ಎಲ್ಲಿಂದ ಬಂತು ಅಂತ ಆಶ್ಚರ್ಯಪಡುತ್ತೇವಲ್ಲ, ಬಂದಿದ್ದು ಅಲ್ಲಿಂದಲೇ. ನಮ್ಮ ಬಯಲುಸೀಮೆಯ ಕೆರೆಗಳಿಗೆ ತಳದ ಕೆಸರೇ ಬಿತ್ತನೆ ಬೀಜದ ಕಣಜ, ಲೋಹ ಹೋಗಿ ಕೂರುವುದೂ ಅದೇ ಕಣಜದಲ್ಲಿ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಅನ್ನುವ ಆಕ್ಷೇಪ ಮೊದಲಿನಿಂದ ಇದೆ, ಬೋರ್‌ವೆಲ್ ತುಂಬಿತಲ್ಲ ಅನ್ನುವ ಸಮಾಧಾನವೂ ಇದೆ. ಎರಡಕ್ಕೂ ಬೆಲೆ ಇದೆ. ನನ್ನ ತಕರಾರು ಇಷ್ಟೇ: ಒಂದು ದಿನ ಬಾಟಲಿ ತುಂಬಿ ತಂದ ನೀರಿನ ರಿಪೋರ್ಟು ಇಟ್ಟುಕೊಂಡು ವಾದ ಮಾಡುವ ಬದಲು, ವರ್ಷವರ್ಷವೂ ಒಟ್ಟಾಗುವ ಕೆಸರನ್ನು ನೋಡಬೇಕು.

ಪಾದರಸದ ದಾರಿ ಎಲ್ಲಕ್ಕಿಂತ ಬೇರೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಪಾದರಸದ ವಿಷದಿಂದಾದ ರೋಗ ಬೆಳಕಿಗೆ ಬಂದಾಗ ಎಲ್ಲರೂ ನೋಡಿದ್ದು ಮೀನು, ಬೆಕ್ಕು, ಮನುಷ್ಯರನ್ನು. ಅಲ್ಲಿ ಕಾರ್ಖಾನೆಯೇ ಮೀಥೈಲ್ ಪಾದರಸವನ್ನು ಕೊಲ್ಲಿಗೆ ಬಿಡುತ್ತಿತ್ತು. ಬೇರೆ ಎಷ್ಟೋ ಕಡೆ ಸಾಧಾರಣ ಪಾದರಸವನ್ನು ಆ ಮಹಾವಿಷವಾಗಿ ಬದಲಿಸುವುದು ಕೆಸರಿನ ಬ್ಯಾಕ್ಟೀರಿಯಾಗಳು. ಅದಕ್ಕೆ ಬೇಕಾದ ಎರಡು ಜೀನ್‌ಗಳು ಪತ್ತೆಯಾಗಿದ್ದು 2013ರಲ್ಲಷ್ಟೇ. ಆಮೇಲೆ ಅದು ಪಾಚಿಗೆ ಹೋಗುತ್ತದೆ, ಮತ್ತು ಅತಿ ದೊಡ್ಡ ನೆಗೆತ ಅಲ್ಲೇ. ನೀರಿನಲ್ಲಿದ್ದುದಕ್ಕಿಂತ ಲಕ್ಷ ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಪಾಚಿಯ ಒಂದು ಕೋಶದಲ್ಲಿ ಸೇರುತ್ತದೆ. ಅಲ್ಲಿಂದ ಚಿಗಟ, ಸಣ್ಣ ಮೀನು, ದೊಡ್ಡ ಮೀನು ಅಂತ ಹೋಗುವ ಪ್ರತಿ ಮೆಟ್ಟಿಲಲ್ಲಿ ಹೆಚ್ಚುವುದು ಕೆಲವೇ ಪಟ್ಟು. ಊಟದ ತಟ್ಟೆಯ ಮೀನಿನಲ್ಲಿರುವ ಪಾದರಸದ ಬಹುಪಾಲು ಲೆಕ್ಕ ತೀರ್ಮಾನವಾಗಿರುವುದು ಕಣ್ಣಿಗೆ ಕಾಣದ ಪಾಚಿಯಲ್ಲಿ.

ಹಾಗಂತ ಈ ಜೀವಿಗಳು ಕೈಕಟ್ಟಿ ಕೂರುವುದಿಲ್ಲ. ಲೋಹವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್ ತಯಾರಿಸುತ್ತವೆ, ಒಳಬಂದದ್ದನ್ನು ಪಂಪ್ ಮಾಡಿ ಹೊರಹಾಕುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಆವಿ ಮಾಡಿ ಗಾಳಿಗೇ ಬಿಡುತ್ತವೆ. ತಲೆಮಾರುಗಳು ಕಳೆದಂತೆ ತಡೆದುಕೊಳ್ಳುವವರು ಉಳಿಯುತ್ತಾರೆ. ಕೇಳಲು ಸಮಾಧಾನದ ಸುದ್ದಿ. ಆದರೆ ಬ್ಯಾಕ್ಟೀರಿಯಾಗಳಲ್ಲಿ ಲೋಹ ತಡೆಯುವ ಜೀನ್ ಮತ್ತು ಆಂಟಿಬಯೋಟಿಕ್ ತಡೆಯುವ ಜೀನ್ ಎಷ್ಟೋ ಸಲ ಒಂದೇ ಡಿಎನ್‌ಎ ತುಂಡಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಹಾಗಾಗಿ ಒಂದು ಹನಿ ಆಂಟಿಬಯೋಟಿಕ್ ಇಲ್ಲದ ನೀರಿನಲ್ಲೂ, ತಾಮ್ರ ಸತು ಇದ್ದರೆ ಸಾಕು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಗೆಲ್ಲಬಹುದು. ಆಸ್ಪತ್ರೆಯ ನೀರು, ಪ್ಲೇಟಿಂಗ್ ನೀರು, ಮನೆಯ ಕೊಳಚೆ ಮೂರೂ ಒಂದೇ ರಾಜಕಾಲುವೆಯಲ್ಲಿ ಬೆರೆಯುವ ಊರಿನಲ್ಲಿ ಇದನ್ನು ಸಣ್ಣ ವಿಷಯ ಅನ್ನಲಾಗದು.

ಮಾಡಬೇಕಾದ್ದು ಏನು? ನನಗೆ ಅನ್ನಿಸುವುದು, ಮೊದಲು ಆ ಜೀವಿಗಳನ್ನೇ ಕೇಳಬೇಕು. ಕಾರ್ಖಾನೆಯ ನೀರಿನ ಅದೇ ಸಾಮಾನ್ಯ ಮಾನದಂಡದಲ್ಲಿ ಒಂದು ಜೀವಪರೀಕ್ಷೆ ಈಗಾಗಲೇ ಇದೆ: ತೆಳು ಮಾಡದ ನೀರಿನಲ್ಲಿ 96 ಗಂಟೆ ಬಿಟ್ಟ ಮೀನುಗಳಲ್ಲಿ ಶೇ 90ರಷ್ಟು ಬದುಕಿರಬೇಕು. ಒಳ್ಳೆಯ ನಿಯಮ, ಆದರೆ ಮೀನು ಗಟ್ಟಿ ಪಿಂಡ. ಅಮೆರಿಕದಲ್ಲಿ ಹೊರಬಿಡುವ ನೀರಿನ ಪರವಾನಗಿಗೆ ಮೀನಿನ ಜೊತೆ ಸೀರಿಯೋಡಾಫ್ನಿಯಾ ಅನ್ನುವ ನೀರುಚಿಗಟವನ್ನೂ ಬಳಸುತ್ತಾರೆ, ಸತ್ತದ್ದೆಷ್ಟು ಅಂತ ಮಾತ್ರವಲ್ಲ, ಒಂದು ವಾರದಲ್ಲಿ ಎಷ್ಟು ಮರಿ ಹಾಕಿತು ಅಂತಲೂ ಎಣಿಸುತ್ತಾರೆ. ಅದರ ಬಂಧುಗಳು ನಮ್ಮ ಕೆರೆಗಳಲ್ಲೂ ಇವೆ. ತಾಮ್ರ ಎಷ್ಟು, ಸತು ಎಷ್ಟು, ನೀರು ಗಡಸಾ ಮೆದುವಾ, ನಾಲ್ಕು ಲೋಹ ಒಟ್ಟಿಗೆ ಸೇರಿದರೆ ಏನು ಅನ್ನುವ ಎಲ್ಲ ತಲೆನೋವನ್ನೂ ಚಿಗಟ ಒಂದೇ ಉತ್ತರದಲ್ಲಿ ಮುಗಿಸುತ್ತದೆ. ಲೋಹ ಅಳೆಯುವ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ಇದಕ್ಕೆ ಬೇಕಾದ್ದು ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲೇ ಇದೆ. ನಾಲ್ಕು ಗಾಜಿನ ಲೋಟ, ಒಂದೊಂದಕ್ಕೂ ಹುಟ್ಟಿ ಒಂದು ದಿನ ತುಂಬದ ಐದೈದು ಮರಿ, ಹೋಲಿಕೆಗೆ ಒಳ್ಳೆಯ ನೀರಿನ ಇನ್ನೊಂದು ನಾಲ್ಕು ಲೋಟ. 48 ಗಂಟೆ ಬಿಟ್ಟು ಬಂದು ಲೋಟವನ್ನು ಮೆಲ್ಲಗೆ ಅಲುಗಾಡಿಸಿ, ಎಷ್ಟು ಈಜುತ್ತಿವೆ ಅಂತ ಎಣಿಸಬೇಕು.